ಹಳ್ಳ ಬಿದ್ದ ಸೋಫಾಕ್ಕೆ ಮನೆಯಲ್ಲೇ ಮದ್ದು



ಗೌರಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಡಬ್ಬಗಳ ಕಡೆಗೆ, ಆಮೇಲೆ ಮೂಲೆಯ ಜೇಡರ ಬಲೆಯ ಕಡೆಗೆ. ಸೋಫಾದ ನೆನಪಾಗುವುದು ಬಾಗಿನ ಕೊಡಲು ಬಂದವರು ಅದರಲ್ಲಿ ಕೂತು, ಏಳಲಾರದೆ ಒದ್ದಾಡಿದಾಗಲೇ. ಮೇಲೆ ಎಷ್ಟು ಚೆಂದದ ಕಸೂತಿ ಹೊದಿಕೆ ಹಾಸಿದರೂ ಕೆಳಗಿನ ಹಳ್ಳವನ್ನು ಮುಚ್ಚಿಡಲು ಆಗುವುದಿಲ್ಲ. ಕೂತವರಿಗೆ ಗೊತ್ತಾಗಿಯೇ ಆಗುತ್ತದೆ. ಅದಕ್ಕೇ ಈ ಸಲ ಒಲೆ, ಬಾಣಲೆ ಬಿಟ್ಟು ಸುತ್ತಿಗೆ ಮೊಳೆಯ ವಿಷಯ ಬರೆಯುತ್ತಿದ್ದೇನೆ. "ಇದು ಗಂಡಸರ ಕೆಲಸ" ಎಂದು ಪುಟ ತಿರುವಬೇಡಿ. ಚಕ್ಕುಲಿ ಒತ್ತುವಷ್ಟು ತೋಳಿನ ಶಕ್ತಿ ಇದ್ದರೆ ಇದಕ್ಕೂ ಸಾಕು.

ಸೋಫಾ ಕುಸಿದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಮಕ್ಕಳು "ಹೊಸದು ತಗೊಳ್ಳೋಣಮ್ಮ, ಕಂತಿನಲ್ಲಿ ಕೊಡ್ತಾರೆ" ಅನ್ನುತ್ತಾರೆ. ಯಜಮಾನರು "ಇನ್ನೆರಡು ವರ್ಷ ಹೀಗೇ ನಡೀಲಿ ಬಿಡು" ಅನ್ನುತ್ತಾರೆ. ನನ್ನ ಕೇಳಿದರೆ ಎರಡೂ ಬೇಡ. ಚೌಕಟ್ಟಿನ ಮರ ಗಟ್ಟಿಯಾಗಿದ್ದರೆ ಮಿಕ್ಕದ್ದೆಲ್ಲ ಬದಲಾಯಿಸುವಂಥದ್ದೇ. ಅದರಲ್ಲೂ ಹಿರಿಯರ ಕಾಲದ ತೇಗದ್ದೋ ಹೊನ್ನೆಯದ್ದೋ ಸೋಫಾ ನಿಮ್ಮಲ್ಲಿದ್ದರೆ ಅದನ್ನು ಗುಜರಿಯವನಿಗೆ ಕೊಟ್ಟು, ಪ್ರದರ್ಶನದ ಮಳಿಗೆಯಿಂದ ಉಬ್ಬಿದ ಹೊಸ ಸೋಫಾ ತರುವುದು ನನಗಂತೂ ಸರಿ ಕಾಣದು.

ಮೊದಲು ಹಳ್ಳ ಎಲ್ಲಿದೆ ಎಂದು ಪತ್ತೆ ಮಾಡಬೇಕು. ಇದನ್ನು ಮಾಡದೆ ದುಡ್ಡು ಖರ್ಚು ಮಾಡಲು ಹೋಗಬೇಡಿ. ಸೀಟಿನ ಕುಶನ್ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಕೂತು ನೋಡಿ. ಕೂತ ಕೂಡಲೇ ನೆಲದ ಗಟ್ಟಿ ಮೂಳೆಗೆ ತಾಗಿದರೆ ದೋಷ ಕುಶನ್ನಿನ ಒಳಗಿನ ಫೋಮಿನದು. ನೆಲದ ಮೇಲೆ ಸರಿಯಾಗಿದ್ದು, ಸೋಫಾದ ಮೇಲಿಟ್ಟಾಗ ಮಾತ್ರ ಕುಸಿದರೆ ದೋಷ ಕೆಳಗಿನ ಆಧಾರದ್ದು. ಕುಶನ್ ತೆಗೆದ ಜಾಗವನ್ನು ಅಂಗೈಯಿಂದ ಒತ್ತಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಎಲ್ಲ ಕುಶನ್ನಿಗೂ ಹೊಸ ಫೋಮು ತುಂಬಿಸಿದವರನ್ನು ನಾನು ನೋಡಿದ್ದೇನೆ. ಅಲ್ಲಿ ಹರಿದಿದ್ದದ್ದು ಕೆಳಗಿನ ಪಟ್ಟಿ! ಹೊಸ ಫೋಮೂ ಆರು ತಿಂಗಳಲ್ಲಿ ಅದೇ ಹಳ್ಳಕ್ಕೆ ಇಳಿಯಿತು.

ಫೋಮು ಯಾಕೆ ಕುಸಿಯುತ್ತದೆ ಎಂದು ಕೇಳುತ್ತೀರಾ? ನಾವು ಸ್ಪಂಜು ಎಂದು ಕರೆಯುವ ಈ ಪದಾರ್ಥ ಪಾಲಿಯುರಿಥೇನ್ ಎಂಬ ರಾಸಾಯನಿಕದಿಂದ ಆದದ್ದು. 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರಂತೆ. ಒಳಗಡೆ ಸೆಟ್ ದೋಸೆಯ ತೂತುಗಳ ಹಾಗೆ ಸಾವಿರಾರು ಸಣ್ಣ ಗೂಡುಗಳು. ಕೂತಾಗ ಗಾಳಿ ಹೊರಹೋಗಿ ಅಮರುತ್ತವೆ, ಎದ್ದಾಗ ಮತ್ತೆ ಅರಳುತ್ತವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಭಾರ ಬಿದ್ದು, ಮೈಯ ಬಿಸಿ, ಬೆವರು, ಮಳೆಗಾಲದ ತೇವ ಎಲ್ಲ ಸೇರಿ ಆ ಗೂಡುಗಳ ಗೋಡೆಗಳು ಒಡೆಯುತ್ತವೆ. ಒಡೆದ ಮೇಲೆ ಅದಕ್ಕೆ ಮೇಲೇಳುವ ಶಕ್ತಿ ಇಲ್ಲ. ಆದ್ದರಿಂದಲೇ ಎಲ್ಲರ ಮನೆಯಲ್ಲೂ ಮೊದಲು ಹಳ್ಳ ಬೀಳುವುದು ಟಿವಿಗೆ ನೇರವಾಗಿರುವ ಯಜಮಾನರ ಮೂಲೆ. ಕ್ರಿಕೆಟ್ ಪಂದ್ಯಗಳು ಅಷ್ಟಿವೆಯಲ್ಲ!

ಈಗ ಕೆಳಗಿನ ಆಧಾರಕ್ಕೆ ಬರೋಣ. ಸೋಫಾವನ್ನು ಇಬ್ಬರು ಹಿಡಿದು ಹಳೇ ಚಾಪೆಯ ಮೇಲೆ ಬೋರಲು ಹಾಕಿ. ತಳಕ್ಕೆ ಕಪ್ಪು ಬಟ್ಟೆ ಹೊಡೆದಿದ್ದರೆ ಒಂದು ಪಕ್ಕದ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿ ಇಕ್ಕಳದಿಂದ ಕಿತ್ತುಬಿಡಿ. ಬಟ್ಟೆ ಹರಿಯದಂತೆ ನೋಡಿಕೊಳ್ಳಿ, ಮತ್ತೆ ಹೊಡೆಯಬೇಕು. ಒಳಗೆ ನಿಮ್ಮ ಕಳೆದುಹೋದ ಪೆನ್ನು, ನಾಣ್ಯ, ಪಿನ್ನು, ಹೋದ ದೀಪಾವಳಿಯ ಕೋಡುಬಳೆಯ ಚೂರು ಎಲ್ಲ ಸಿಗುತ್ತವೆ. ಇಲಿ ಗೂಡು ಕಟ್ಟಿದೆಯೇ, ತಿಗಣೆ ಇದೆಯೇ, ಮರದಲ್ಲಿ ಗೆದ್ದಲಿನ ಮಣ್ಣೋ ಹುಳು ಕೊರೆದ ಪುಡಿಯೋ ಕಾಣುತ್ತದೆಯೇ, ಇದೆಲ್ಲ ಆಗಲೇ ನೋಡಿಕೊಳ್ಳಬೇಕು. ಚೌಕಟ್ಟಿಗೇ ಗೆದ್ದಲು ಹತ್ತಿ ಬೆರಳಲ್ಲಿ ಒತ್ತಿದರೆ ಉದುರುವಂತಿದ್ದರೆ ಅಲ್ಲಿಗೆ ನಿಲ್ಲಿಸಿ. ಅಂಥದ್ದಕ್ಕೆ ಖರ್ಚು ಮಾಡುವುದು ದಂಡ.

ಒಳಗೆ ಅಡ್ಡಡ್ಡ ಪಟ್ಟಿಗಳು ಕಂಡರೆ ನಿಮ್ಮ ಅದೃಷ್ಟ ಒಳ್ಳೆಯದು. ನವಾರಿನ ಮಂಚ ನೋಡಿದವರಿಗೆ ಈ ಕೆಲಸ ಹೊಸದಲ್ಲ. ನಮ್ಮ ಅಜ್ಜಿಯ ಮನೆಯಲ್ಲಿ ನವಾರು ಸಡಿಲವಾಗಿ ಮಂಚ ತೊಟ್ಟಿಲಿನಂತಾದಾಗ, ಒಬ್ಬರು ಪಟ್ಟಿ ಎಳೆದು ಇನ್ನೊಬ್ಬರು ಕಾಲು ಕೊಟ್ಟು ಬಿಗಿಯುತ್ತಿದ್ದರು. ಮಾರನೆಯ ರಾತ್ರಿ ಮಂಚ ತಂಬೂರಿಯ ತಂತಿಯ ಹಾಗೆ! ಸೋಫಾದ ತಳವೂ ಅದೇ ಲೆಕ್ಕ. ಎರಡು ಇಂಚು ಅಗಲದ ನವಾರು ಪಟ್ಟಿ ಹಗ್ಗ, ಗೋಣಿಚೀಲ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿಯದು ದಿನ ಕಳೆದಂತೆ ಸಡಿಲವಾಗುತ್ತದೆ, ನೈಲಾನಿನದು ಹೆಚ್ಚು ತಡೆಯುತ್ತದೆ. ಹಳೇ ಪಟ್ಟಿ ಕೀಳಲು ಹೋಗಬೇಡಿ, ಅದರ ಮೇಲೆಯೇ ಹೊಸದು ಹೊಡೆಯಬಹುದು.

ಹೊಡೆಯುವ ರೀತಿ ಹೀಗೆ. ಪಟ್ಟಿಯ ತುದಿಯನ್ನು ಒಂದು ಇಂಚು ಮಡಚಿ, ಹಿಂದಿನ ಮರದ ಮೇಲಿಟ್ಟು, ಅಗಲ ತಲೆಯ ಮುಕ್ಕಾಲು ಇಂಚಿನ ಮೊಳೆ ಐದು ಹೊಡೆಯಿರಿ. ಐದನ್ನೂ ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ. ಹಿಂದೆ ಮೂರು, ಮುಂದೆ ಎರಡು ಬರಲಿ. ಆಮೇಲೆ ಮುಂದಿನ ಮರದ ತನಕ ಎಳೆದು ತನ್ನಿ. ಬರಿಗೈಯಲ್ಲಿ ಎಷ್ಟು ಎಳೆದರೂ ಸಾಲದು. ಒಂದು ಗೇಣುದ್ದದ ರೀಪರಿನ ತುಂಡಿಗೆ ಪಟ್ಟಿಯನ್ನು ಒಂದು ಸುತ್ತು ಸುತ್ತಿ, ತುಂಡಿನ ಕೆಳ ಅಂಚನ್ನು ಚೌಕಟ್ಟಿನ ಹೊರಗಡೆಗೆ ಆನಿಸಿ, ಮೇಲಿನ ತುದಿಯನ್ನು ಕೆಳಕ್ಕೆ ಒತ್ತಿ. ನೀರಿನ ಬೋರಿಂಗಿನ ಹಿಡಿ ಒತ್ತಿದಂತೆ. ಪಟ್ಟಿ ತಾನಾಗಿ ಬಿಗಿದುಕೊಳ್ಳುತ್ತದೆ. ಹಾಗೇ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಮೊಳೆ ಹೊಡೆಯಬೇಕು. ಆಮೇಲೆ ಒಂದು ಇಂಚು ಬಿಟ್ಟು ಕತ್ತರಿಸಿ, ಮಡಚಿ, ಮೇಲೆ ಇನ್ನೆರಡು ಮೊಳೆ. ಉದ್ದಕ್ಕೆ ಎಲ್ಲ ಆದ ಮೇಲೆ ಅಡ್ಡ ಪಟ್ಟಿಗಳನ್ನು ಚಾಪೆ ಹೆಣೆದಂತೆ ಒಂದರ ಮೇಲೆ, ಒಂದರ ಕೆಳಗೆ ತೂರಿಸಿ ಹೊಡೆಯಿರಿ. ಎರಡು ಪಟ್ಟಿಗಳ ನಡುವೆ ಒಂದೂವರೆ ಇಂಚಿಗಿಂತ ಹೆಚ್ಚು ಸಂದು ಬೇಡ. ಬೆರಳಲ್ಲಿ ತಟ್ಟಿದರೆ ಸದ್ದು ಬರಬೇಕು, ಅಷ್ಟು ಬಿಗಿ.

ಹಾವಿನಂತೆ ಬಳುಕಿದ ಕಬ್ಬಿಣದ ಸ್ಪ್ರಿಂಗು ಇದ್ದರೆ, ಒಂದೆರಡು ಕೊಂಡಿ ತಪ್ಪಿದ್ದರೆ ಮತ್ತೆ ಸಿಕ್ಕಿಸಿ, ನೈಲಾನ್ ಹುರಿಯಿಂದ ಅಕ್ಕಪಕ್ಕದವಕ್ಕೆ ಬಿಗಿಯಾಗಿ ಕಟ್ಟಿದರೆ ಸಾಕು. ಮುರಿದಿದ್ದರೆ ಕೆಲಸದವರನ್ನೇ ಕರೆಸಿ. ಸ್ಪ್ರಿಂಗು ಬಿಗಿದಿರುತ್ತದೆ, ಜಾರಿದರೆ ಕಣ್ಣಿಗೆ ಬಡಿಯುತ್ತದೆ.

ಇಷ್ಟೆಲ್ಲ ಸುತ್ತಿಗೆ ಕೆಲಸ ಬೇಡ, ಹಬ್ಬ ನಾಳೆಯೇ ಇದೆ ಎನ್ನುವವರಿಗೆ ಹಲಗೆ ಇದೆ. ಕುಶನ್ನಿನ ಕೆಳಗೆ ಪ್ಲೈವುಡ್ ಹಲಗೆ ಇಡುವುದು ಎಲ್ಲಕ್ಕಿಂತ ಸುಲಭದ ಉಪಾಯ. ಹನ್ನೆರಡು ಮಿಲಿಮೀಟರ್ ದಪ್ಪದ್ದು ಇರಲಿ. ಮರದ ಪುಡಿ ಒತ್ತಿ ಮಾಡಿದ ಬೋರ್ಡು ಅಗ್ಗವೆಂದು ತರಬೇಡಿ, ಭಾರಕ್ಕೆ ಲಟ್ಟನೆ ಮುರಿಯುತ್ತದೆ. ನೀರು ತಾಗುವ ಜಾಗವಲ್ಲದ್ದರಿಂದ ದುಬಾರಿಯ ವಾಟರ್‌ಪ್ರೂಫ್ ಪ್ಲೈ ಬೇಕಾಗಿಲ್ಲ, ಸಾಧಾರಣ ಪ್ಲೈ ಸಾಕು. ಸೀಟಿನ ಅಳತೆಗಿಂತ ಸುತ್ತಲೂ ಅರ್ಧ ಇಂಚು ಚಿಕ್ಕದಿರಲಿ, ಮುಂದಿನ ಅಂಚು ಒಂದು ಇಂಚು ಒಳಗೇ ಇರಲಿ. ಇಲ್ಲದಿದ್ದರೆ ತೊಡೆಯ ಕೆಳಗೆ ಕೊರೆಯುತ್ತದೆ. ಮೂಲೆಗಳನ್ನು ಉಜ್ಜುಕಾಗದದಿಂದ ಉಜ್ಜಿ ಗುಂಡಗೆ ಮಾಡಿ. ಬಡಗಿಯ ಹತ್ತಿರ ಅಲ್ಲಲ್ಲಿ ಹತ್ತಿಪ್ಪತ್ತು ತೂತು ಕೊರೆಸಿದರೆ ಫೋಮಿನೊಳಗಿನ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ. ಮೂವರು ಕೂರುವ ಸೋಫಾಕ್ಕೆ ಒಂದೇ ಉದ್ದ ಹಲಗೆ ಬೇಡ, ಸೀಟಿಗೊಂದರಂತೆ ಮಾಡಿಸಿ. ಗುಡಿಸುವಾಗ ಎತ್ತಲು ಹಗುರ. ಕೊನೆಗೆ ಹಳೇ ಪಂಚೆಯನ್ನು ಸುತ್ತಿ ಹೊಲಿದುಬಿಟ್ಟರೆ ಜಾರುವುದೂ ಇಲ್ಲ, ಕುಶನ್ನಿನ ಬಟ್ಟೆ ಸವೆಯುವುದೂ ಇಲ್ಲ. ನಮ್ಮ ಬೀದಿಯ ಒಬ್ಬರು ಮಕ್ಕಳು ಬಿಟ್ಟ ಕೇರಂ ಬೋರ್ಡಿನ ಚೌಕಟ್ಟು ಬಿಚ್ಚಿ, ಹಲಗೆಯನ್ನು ಕೊಯ್ಸಿ ಹಾಕಿಸಿಕೊಂಡಿದ್ದಾರೆ. ಗಾಳಿಗೆ ತೂತು ಮೊದಲೇ ಇತ್ತಲ್ಲ!

ಆದರೆ ಹಲಗೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಮೇಲಿನ ಫೋಮು ಸತ್ತಿದ್ದರೆ ಹಲಗೆ ಹಾಕಿದ ಸೋಫಾ ಬಸ್‌ಸ್ಟ್ಯಾಂಡಿನ ಬೆಂಚಾಗುತ್ತದೆ. ಹಲಗೆಯ ಮೇಲೆ ಜೀವ ಇರುವ ನಾಲ್ಕು ಇಂಚು ಫೋಮಾದರೂ ಇರಬೇಕು.

ಇಲ್ಲಿ ನಮ್ಮ ಮನೆಯ ವಿಷಯವೊಂದು ಹೇಳಬೇಕು. ನಮ್ಮ ಅತ್ತೆಯವರಿಗೆ ಮಂಡಿನೋವು. ನಾಲ್ಕು ವರ್ಷದಿಂದ ಸಂಜೆಯ ಹೊತ್ತು ಅವರು ಹಾಲಿಗೆ ಬರುವುದನ್ನೇ ಬಿಟ್ಟಿದ್ದರು. ಬಂಧುಗಳು ಬಂದರೆ ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿಸಿ, ಒಳಗೆ ಹೋಗಿ ಮಂಚದ ಮೇಲೆ ಕೂತುಬಿಡುವುದು. ಟಿವಿ ಧಾರಾವಾಹಿಯನ್ನು ಅಲ್ಲಿಂದಲೇ ಕಿವಿಯಲ್ಲಿ ಕೇಳುವುದು. ಅವರಿಗೆ ಗಲಾಟೆ ಆಗುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಂದು ದಿನ ನನ್ನ ನಾದಿನಿ ಬಂದಾಗ ಕೈ ಹಿಡಿದು ಸೋಫಾಕ್ಕೆ ಕರೆದಳು. ಅತ್ತೆ ಮೆಲ್ಲಗೆ ಅಂದರು: "ಬೇಡ ಕಣೇ, ಕೂರೋದೇನೋ ಕೂರ್ತೀನಿ. ಏಳೋವಾಗ ನಾಲ್ಕು ಜನರ ಎದುರಿಗೆ ಗೋಣಿಚೀಲ ಎತ್ತಿದ ಹಾಗೆ ನನ್ನ ಎತ್ತಬೇಕು. ನನಗೆ ನಾಚಿಕೆ ಆಗುತ್ತೆ."

ಮಾರನೆಯ ದಿನವೇ ಹೊಲಿಗೆಯ ಟೇಪು ಹಿಡಿದು ಅಳೆದೆ. ಅತ್ತೆಯವರ ಪಾದದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ 16 ಇಂಚು. ಬರಿದಾದ ಸೋಫಾದ ಸೀಟೂ ನೆಲದಿಂದ 16 ಇಂಚೇ. ನೋಡಲು ಸರಿಯಾಗಿಯೇ ಇದೆ! ಆದರೆ ಅವರು ಕೂತ ಮೇಲೆ ಅಳೆದರೆ 11 ಇಂಚು. ಸೊಂಟ ಮಂಡಿಗಿಂತ ಐದು ಇಂಚು ಕೆಳಗೆ. ಹಾಗೆ ಕೂತವರು ಏಳಬೇಕಾದರೆ ಇಡೀ ಮೈಭಾರವನ್ನು ತೊಡೆ ಮತ್ತು ಮಂಡಿಯೇ ಎತ್ತಬೇಕು. ಸವೆದ ಮಂಡಿ ಎಲ್ಲಿ ಎತ್ತೀತು? ಹಳೇ ಮನೆಗಳ ಜಗಲಿ ನೆನಪು ಮಾಡಿಕೊಳ್ಳಿ. ಮಂಡಿ ಎತ್ತರದ ಕಲ್ಲು ಚಪ್ಪಡಿ. ಎಂಬತ್ತರ ಮುದುಕಿಯರೂ ಅದರ ಮೇಲೆ ಕೂತು, ಅಂಗೈ ಊರಿ, ಯಾರ ಹಂಗೂ ಇಲ್ಲದೆ ಏಳುತ್ತಿದ್ದರು.

ಆದ್ದರಿಂದ ಮನೆಯಲ್ಲಿ ವಯಸ್ಸಾದವರು, ತುಂಬು ಬಸುರಿ, ಹೊಟ್ಟೆ ಕೊಯ್ದು ಹೆರಿಗೆಯಾದ ಬಾಣಂತಿ ಯಾರೇ ಇದ್ದರೂ, ಮೆತ್ತಗೆ ಗಟ್ಟಿ ಎಂಬ ಯೋಚನೆಗಿಂತ ಮೊದಲು ಎತ್ತರ ನೋಡಿ. ಕೂತ ಮೇಲೆ ಸೀಟಿನ ಎತ್ತರ ಅವರ ಮಂಡಿಯ ಮಡಿಕೆಗೆ ಸಮವಾಗಿರಬೇಕು, ಒಂದು ಇಂಚು ಮೇಲಿದ್ದರೆ ಇನ್ನೂ ಒಳ್ಳೆಯದು. ಪಾದ ಪೂರ್ತಿ ನೆಲಕ್ಕೆ ಊರಬೇಕು. ಎತ್ತರ ಸಾಲದಿದ್ದರೆ ಕುಶನ್ನನ್ನೇ ಏಳೆಂಟು ಇಂಚು ಉಬ್ಬಿಸಬೇಡಿ. ಹಾಗೆ ಮಾಡಿದರೆ ಸೋಫಾದ ಕೈ ತಗ್ಗಾಗಿ, ಏಳುವಾಗ ಊರಲು ಆಸರೆ ಸಿಗುವುದಿಲ್ಲ. ಅದರ ಬದಲು ಸೋಫಾದ ನಾಲ್ಕು ಕಾಲಿಗೂ ಮರದ ಗುಟ್ಟಿ ಮಾಡಿಸಿ. ಕಾಲು ಕೂರುವಂತೆ ಗುಟ್ಟಿಯ ಮೇಲೆ ಅರ್ಧ ಇಂಚು ಗುಳಿ ಕೊರೆಸಲೇಬೇಕು. ಇಟ್ಟಿಗೆ ಜೋಡಿಸಿ ನಿಲ್ಲಿಸುವುದು ಅಪಾಯ, ಸೋಫಾ ಜರುಗಿದರೆ ಹಿರಿಯರು ಬೀಳುತ್ತಾರೆ.

ನಾವು ಅತ್ತೆಯವರಿಗೆಂದು ಒಬ್ಬರು ಕೂರುವ ಸೋಫಾವನ್ನೇ ಮೊದಲು ಮಾಡಿದೆವು. ಹಲಗೆ, ಹೊಸ ಫೋಮು, ಕಾಲಿಗೆ ಗುಟ್ಟಿ. ಈಗ ಅವರು ಕೂತಾಗ 17 ಇಂಚು. ಯಾರೂ ಕರೆಯಲಿಲ್ಲ. ಮೂರನೆಯ ಸಂಜೆ ಹೂಬತ್ತಿ ಹೊಸೆಯುವ ಬುಟ್ಟಿ ಹಿಡಿದುಕೊಂಡು ತಾವೇ ಬಂದು ಕೂತರು. ಧಾರಾವಾಹಿಯ ಸೊಸೆಯನ್ನು ಬೈಯುತ್ತಾ ಅರ್ಧ ಗಂಟೆ ಇದ್ದು, ಎರಡೂ ಕೈ ಊರಿ ಎದ್ದು ಹೋದರು.

ಇನ್ನು ಫೋಮು ಕೊಳ್ಳುವ ವಿಚಾರ. ಮೋಸ ಆಗುವುದು ಇಲ್ಲಿಯೇ, ಸ್ವಲ್ಪ ಗಮನವಿಟ್ಟು ಓದಿ. ಅಂಗಡಿಯಲ್ಲಿ "32 ಡೆನ್ಸಿಟಿ, 40 ಡೆನ್ಸಿಟಿ" ಅನ್ನುತ್ತಾರೆ. ಅದು ಗಟ್ಟಿತನದ ಅಳತೆಯಲ್ಲ, ತೂಕದ ಅಳತೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಫೋಮಿನ ದಿಮ್ಮಿ 40 ಕಿಲೋ ತೂಗಿದರೆ ಅದು 40 ಡೆನ್ಸಿಟಿ. ಹೆಚ್ಚು ತೂಕವೆಂದರೆ ಒಳಗೆ ಹೆಚ್ಚು ಪದಾರ್ಥ, ಹೆಚ್ಚು ವರ್ಷ ಬಾಳಿಕೆ. 40 ಡೆನ್ಸಿಟಿಯಲ್ಲೂ ಮೆತ್ತಗಿನದು, ಗಟ್ಟಿಯದು ಎರಡೂ ಬರುತ್ತವೆ. ಆದ್ದರಿಂದ "40 ಡೆನ್ಸಿಟಿ, ಗಟ್ಟಿಯದು" ಎಂದು ಎರಡನ್ನೂ ಬಾಯಿಬಿಟ್ಟು ಕೇಳಬೇಕು. ದಿನವೂ ಕೂರುವ ಸೀಟಿಗೆ 40, ಬೆನ್ನಿನ ಕುಶನ್ನಿಗೆ 23 ಸಾಕು. ಸೀಟಿಗೆ 32ಕ್ಕಿಂತ ಕೆಳಗೆ ಹೋಗಲೇಬೇಡಿ.

ಕೊಟ್ಟದ್ದು ನಿಜವಾಗಿ 40 ಹೌದೋ ಅಲ್ಲವೋ ಎಂದು ಹೇಗೆ ತಿಳಿಯುವುದು? ತೂಗಿ ನೋಡಿ! 22 ಇಂಚು ಉದ್ದ, 22 ಇಂಚು ಅಗಲ, 4 ಇಂಚು ದಪ್ಪದ ಒಂದು ತುಂಡು 40 ಡೆನ್ಸಿಟಿಯದಾದರೆ ಸುಮಾರು ಒಂದೂಕಾಲು ಕಿಲೋ ಬರಬೇಕು. 32ರದು ಸರಿಯಾಗಿ ಒಂದು ಕಿಲೋದ ಹತ್ತಿರ. 23ರದು ಮುಕ್ಕಾಲು ಕಿಲೋಗೂ ಕಮ್ಮಿ. ಈ ಮೂರು ತೂಕವನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದು ನಿಮಿಷದ ಕೆಲಸ. ತೊಗರಿಬೇಳೆಯಲ್ಲಿ ನೂರು ಗ್ರಾಂ ಕಮ್ಮಿಯಾದರೆ ಜಗಳ ಮಾಡುವ ನಾವು ಫೋಮಿನಲ್ಲಿ ಕಾಲು ಕಿಲೋ ಬಿಟ್ಟುಕೊಡುವುದೇಕೆ? ನಾನು ತೂಗುತ್ತೇನೆ ಎಂದಾಗ ಅಂಗಡಿಯವರು ಮೊದಲು ನಕ್ಕರು, ಆಮೇಲೆ ಒಳಗಿನಿಂದ ಬೇರೆ ಶೀಟು ತಂದರು.

ಫೋಮಿನ ಚೂರುಗಳನ್ನೇ ಅಂಟಿಸಿ ಒತ್ತಿ ಮಾಡಿದ ಬಣ್ಣಬಣ್ಣದ ಶೀಟೂ ಸಿಗುತ್ತದೆ, ರೀಬಾಂಡೆಡ್ ಎನ್ನುತ್ತಾರೆ. ಬಹಳ ಗಟ್ಟಿ. ಅದೊಂದನ್ನೇ ತುಂಬಿದರೆ ಕೂತವರಿಗೆ ಶಿಕ್ಷೆ. ಒಂದು ಇಂಚಿನದನ್ನು ಎಲ್ಲಕ್ಕಿಂತ ಕೆಳಗೆ ಹಾಕಿ, ಮೇಲೆ ಮೂರು ಇಂಚು 40 ಡೆನ್ಸಿಟಿ, ಅದರ ಮೇಲೆ ಹಳೇ ಕುಶನ್ನಿನ ಅಂಚಿನಲ್ಲಿ ಸವೆಯದೆ ಉಳಿದ ಮೆತ್ತಗಿನ ಫೋಮನ್ನು ಒಂದು ಇಂಚು ಕತ್ತರಿಸಿ ಹಾಸಿದರೆ ಹೇಳಿ ಮಾಡಿಸಿದಂತಿರುತ್ತದೆ. ತೆಳ್ಳಗಿನ ಹಿರಿಯರಿಗೆ ಆ ಮೇಲಿನ ಒಂದು ಇಂಚು ಬೇಕೇ ಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗಿನ ಮೂಳೆ ನೋಯುತ್ತದೆ.

ನಮ್ಮ ತಿಪಟೂರು, ಅರಸೀಕೆರೆ ಕಡೆಯವರಿಗೆ ತೆಂಗಿನ ನಾರಿನ ಶೀಟೂ ಆಗುತ್ತದೆ. ನಾರಿಗೆ ರಬ್ಬರ್ ಹಾಲು ಸೇರಿಸಿ ಒತ್ತಿದ್ದು. ಹಾಸಿಗೆ ಅಂಗಡಿಯಲ್ಲಿ ಕಾಯರ್ ಎಂದು ಕೇಳಿ. ಗಾಳಿಯಾಡುತ್ತದೆ, ಸೆಕೆಗೆ ಹಿತ. ಕೆಳಪದರಕ್ಕೆ ರೀಬಾಂಡೆಡ್ ಬದಲು ಇದನ್ನು ಹಾಕಬಹುದು. ಹಳೇ ಕಾಯರ್ ಹಾಸಿಗೆ ಅಟ್ಟದ ಮೇಲಿದ್ದರೆ, ಮಧ್ಯ ಕುಸಿದಿದ್ದರೂ ಕಾಲ್ಕಡೆಯ ಭಾಗ ಗಟ್ಟಿಯಾಗಿಯೇ ಇರುತ್ತದೆ. ಅದನ್ನೇ ಕೊಯ್ದುಕೊಳ್ಳಿ.

ದುಡ್ಡೇ ಹಾಕುವುದು ಬೇಡ ಎನ್ನುವವರಿಗೆ ಕೌದಿ ಇದೆಯಲ್ಲ. ಉತ್ತರ ಕರ್ನಾಟಕದ ಅಕ್ಕಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹಳೇ ನೂಲಿನ ಸೀರೆಗಳನ್ನು ಸೀಟಿನ ಅಳತೆಗೆ ಮಡಚಿ, ಹತ್ತು ಹನ್ನೆರಡು ಪದರ ಒಂದರ ಮೇಲೊಂದು ಇಟ್ಟು, ದಬ್ಬಣದಲ್ಲಿ ಒತ್ತೊತ್ತಾಗಿ ದಾರ ಓಡಿಸಿ. ನೈಲಾನ್ ಸೀರೆ ಬೇಡ, ಜಾರುತ್ತದೆ. ಇದನ್ನು ಕುಶನ್ನಿನ ಕವರಿನೊಳಗೆ ಫೋಮಿನ ಕೆಳಗೆ ತೂರಿಸಿದರೆ ಅರೆಜೀವವಾದ ಫೋಮಿಗೂ ಒಂದೆರಡು ವರ್ಷ ಆಯುಷ್ಯ ಬರುತ್ತದೆ. ಹಳ್ಳ ನಡುವೆ ಮಾತ್ರ ಇದ್ದರೆ ನಡುವಿಗೆ ಮೂರು ನಾಲ್ಕು ಪದರ ಹೆಚ್ಚು ಇಡಿ.

ಫೋಮನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚು ಇಲಿ ತಿಂದಂತಾಗುತ್ತದೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಇಲ್ಲವೇ ಆಕ್ಸಾ ಬ್ಲೇಡು ಉಪಯೋಗಿಸಿ, ಒತ್ತದೆ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಕವರಿನ ಅಳತೆಗಿಂತ ಉದ್ದಗಲ ಅರ್ಧ ಇಂಚು ದೊಡ್ಡದೇ ಇರಲಿ, ಆಗ ಕವರು ಬಿಗಿಯಾಗಿ ಸುಕ್ಕಿಲ್ಲದೆ ಕೂರುತ್ತದೆ. ಅಷ್ಟು ದೊಡ್ಡದನ್ನು ಒಳಗೆ ತುರುಕುವುದು ಹೇಗೆ ಎಂದಿರಾ? ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮಂಡಿಯಿಂದ ಅದುಮಿ ಗಾಳಿ ಬಿಡಿಸಿ, ಕವರಿನೊಳಕ್ಕೆ ಜಾರಿಸಿ. ಆಮೇಲೆ ಪ್ಲಾಸ್ಟಿಕ್ಕನ್ನು ಮೆಲ್ಲನೆ ಎಳೆದು ತೆಗೆದುಬಿಡಿ. ಒಳಗೇ ಬಿಟ್ಟರೆ ಕೂತಾಗಲೆಲ್ಲ ಸರಬರ ಸದ್ದು, ಮೇಲೆ ಬೆವರು ಬೇರೆ.

ಪದರಗಳನ್ನು ಅಂಟಿಸಲೇಬೇಕೆಂದಿಲ್ಲ. ಹಳೇ ಪಂಚೆಯಲ್ಲಿ ಒಳಗವಸು ಹೊಲಿದು ಎಲ್ಲವನ್ನೂ ಅದರೊಳಗೆ ಹಾಕಿದರೆ ಅಲುಗುವುದಿಲ್ಲ. ಅಂಟಿಸುವುದೇ ಆದರೆ ಬಡಗಿಯ ಬಿಳೀ ಗೋಂದು ಬೇಡ, ಒಣಗಿ ಗಂಟಾಗುತ್ತದೆ. ಫೋಮಿನ ರಬ್ಬರ್ ಸಲ್ಯೂಷನ್ ಬೇಕು. ಅದರ ಹಬೆಗೆ ಬೆಂಕಿ ಹತ್ತುತ್ತದೆ. ಅಂಗಳದಲ್ಲೋ ತಾರಸಿಯಲ್ಲೋ ಹಚ್ಚಿ, ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಎಲ್ಲದರಿಂದ ದೂರ. ಬೆಂಕಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಸಂಜೆ ಸೊಳ್ಳೆಬತ್ತಿ ಹಚ್ಚಿ ಸೋಫಾದ ಕೆಳಗೆ ಸರಿಸುವ ಅಭ್ಯಾಸ ಇದ್ದವರು ಇವತ್ತೇ ಬಿಟ್ಟುಬಿಡಿ. ಫೋಮು ಹತ್ತಿಕೊಂಡರೆ ಬೇಗ ಉರಿಯುತ್ತದೆ, ಅದರ ಹೊಗೆ ವಿಷ.

ಕೂಸಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎಳೆ ಮಗುವನ್ನು ಸೋಫಾದ ಮೇಲೆ ಮಲಗಿಸಬೇಡಿ, ಮಗುವನ್ನು ಎದೆಗಿಟ್ಟುಕೊಂಡು ನೀವೂ ಅಲ್ಲೇ ಒರಗಿ ನಿದ್ದೆ ಹೋಗಬೇಡಿ. ಸಂದಿಗೆ ಜಾರಿ ಮೂಗು ಕುಶನ್ನಿಗೆ ಒತ್ತಿದರೆ ಅದಕ್ಕೆ ಮುಖ ತಿರುಗಿಸಲೂ ಬಾರದು. ಸೋಫಾ ಮೆತ್ತಗಿರಲಿ, ಗಟ್ಟಿಯಿರಲಿ, ಇದು ಒಂದೇ.

ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಅರಳುತ್ತದೆ. ಬೆನ್ನಿನ ದಿಂಬಿಗೆ ಬೂರುಗದ ಹತ್ತಿ ತುಂಬಿದ್ದರೆ ಅದನ್ನೂ ಬಿಸಿಲಿಗಿಟ್ಟು, ಬೆತ್ತದಲ್ಲಿ ಬಡಿದು, ಗಂಟು ಬಿಡಿಸಿ. ಆದರೆ ಕವರು ತೆಗೆದ ಫೋಮನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಹಳದಿ ಬಣ್ಣಕ್ಕೆ ತಿರುಗಿ ಮೇಲ್ಮೈ ಪುಡಿಪುಡಿ ಉದುರುತ್ತದೆ. ನೆರಳಲ್ಲಿ ಗಾಳಿಗಿಟ್ಟರೆ ಸಾಕು. ಹೊಸ ಫೋಮಿನ ವಾಸನೆಯೂ ಹಾಗೇ ಎರಡು ದಿನದಲ್ಲಿ ಹೋಗುತ್ತದೆ. ತಿಂಗಳಿಗೊಮ್ಮೆ ಅಮಾವಾಸ್ಯೆ ಕಸ ತೆಗೆಯುವ ದಿನ ಕುಶನ್ನುಗಳ ಜಾಗ ಅದಲುಬದಲು ಮಾಡಿ, ಮಗುಚಿ ಹಾಕಿ. ಯಜಮಾನರನ್ನು ಮೂಲೆಯಿಂದ ಎಬ್ಬಿಸುವುದು ಕಷ್ಟ, ಕುಶನ್ನನ್ನಾದರೂ ಎಬ್ಬಿಸಬಹುದು.

ಖರ್ಚಿನ ಲೆಕ್ಕ ಕೇಳುವವರಿಗೆ ನಮ್ಮ ಮನೆಯದು ಹೇಳುತ್ತೇನೆ. ಮೂರು ಸೀಟಿನದು ಒಂದು, ಒಂಟಿ ಸೀಟಿನವು ಎರಡು, ಒಟ್ಟು ಐದು ಕುಶನ್ನು. ಸೋಫಾ ರಿಪೇರಿಯವರೊಬ್ಬರು ಹೊಸ ಬಟ್ಟೆ ಸೇರಿ ಹದಿನಾಲ್ಕು ಸಾವಿರ ಕೇಳಿದ್ದರು. ಹಲಗೆ, ಫೋಮು, ಗುಟ್ಟಿ, ಬಡಗಿಯ ಕೂಲಿ ಎಲ್ಲ ಸೇರಿ ನಮಗೆ ಆದದ್ದು ನಾಲ್ಕೂವರೆ ಸಾವಿರದ ಒಳಗೆ, ಹಳೇ ಕವರನ್ನೇ ಒಗೆದು ಹಾಕಿದೆವು. ಎಲ್ಲವನ್ನೂ ಒಂದೇ ಸಲ ಮಾಡಬೇಕಾಗಿಯೂ ಇಲ್ಲ. ಮನೆಯಲ್ಲಿ ಏಳಲು ಯಾರಿಗೆ ಕಷ್ಟವೋ ಅವರ ಸೀಟು ಮೊದಲು, ಮಿಕ್ಕದ್ದು ಮುಂದಿನ ತಿಂಗಳ ಉಳಿತಾಯದಲ್ಲಿ.

ಕತ್ತರಿಸಿ ಉಳಿದ ಫೋಮಿನ ಚೂರುಗಳಿಂದ ಪಾತ್ರೆ ತಿಕ್ಕಲು ಹೋಗಬೇಡಿ, ಪುಡಿ ಪುಡಿಯಾಗಿ ಪಾತ್ರೆಗೇ ಅಂಟಿಕೊಳ್ಳುತ್ತದೆ. ಒಂದು ಚೂರಿಗೆ ಬಟ್ಟೆ ಸುತ್ತಿ ಸೂಜಿ ಚುಚ್ಚಿಡಲು ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ದೊಡ್ಡ ಚೂರನ್ನು ಗೋಣಿತಟ್ಟಿನಲ್ಲಿ ಹೊಲಿದರೆ ಬೆಳಗ್ಗೆ ರಂಗೋಲಿ ಹಾಕುವಾಗ ಮಂಡಿಯ ಕೆಳಗೆ ಹಾಕಿಕೊಳ್ಳಲು ಆಗುತ್ತದೆ.